ಬಡವರ ಅಹವಾಲು ಮತ್ತು ಕಾನೂನು ವಿದ್ಯಾಶಾಲೆ

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬ್ರಿಸ್ಬೇನ್ ನಗರದ ಪೆಟ್ರಿ ಟೆರೇಸ್ ಪ್ರದೇಶದ ಕ್ಯಾಕ್ಸ್ಟನ್ ಬೀದಿಯಲ್ಲಿರುವ ಬರೂನಾ ಹಾಲ್ ಎಂಬ ಹಳೆಯ ಸಭಾಭವನವನ್ನು 1884ರಲ್ಲಿ ಕಟ್ಟಿಸಿದವರು ಆಡ್‌ಫೆಲೋಸ್ ಎಂಬ ಪರಸ್ಪರ ಸಹಾಯ ಸಂಘದವರು. ಸರ್ಕಾರದ ಪಿಂಚಣಿಯಾಗಲಿ ರೋಗಕಾಲದ ಭತ್ಯೆಯಾಗಲಿ ಇಲ್ಲದಿದ್ದ ಆ ದಿನಗಳಲ್ಲಿ ಇಂತಹ ಸಂಘಗಳಿಗೆ ಕೂಲಿಕಾರರೂ ಕುಶಲಕರ್ಮಿಗಳೂ ತಮ್ಮ ಗಳಿಕೆಯಲ್ಲಿ ಅಷ್ಟಿಷ್ಟನ್ನು ಕಟ್ಟುತ್ತ, ಹಾಸಿಗೆ ಹಿಡಿದಾಗ ಔಷಧೋಪಚಾರಕ್ಕೂ ತೀರಿಕೊಂಡಾಗ ಉತ್ತರಕ್ರಿಯೆಗೂ ಅಲ್ಲಿಂದಲೇ ನೆರವನ್ನು ಪಡೆಯುತ್ತಿದ್ದರು. ಅದೇ ಭವನದಲ್ಲಿ 1976ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದ ಕೆಲವರು ಕಾನೂನು ಅಧ್ಯಾಪಕರೂ ವಿದ್ಯಾರ್ಥಿಗಳೂ ತರುಣ ವಕೀಲರೂ ಕೂಡಿ, ವಕೀಲರ ಶುಲ್ಕವನ್ನು ತೆರಲಾರದವರಿಗೆ ಉಚಿತವಾಗಿ ಸಲಹೆ ನೀಡುವ ಕೇಂದ್ರವೊಂದನ್ನು ತೆರೆದರು. ಅದೇ ಇಂದು ಕ್ಯಾಕ್ಸ್ಟನ್ ಲೀಗಲ್ ಸೆಂಟರ್ ಎಂದು ಪ್ರಸಿದ್ಧವಾಗಿರುವ ಸಂಸ್ಥೆ. ನಮ್ಮ ಸಂವಿಧಾನಕ್ಕೆ 42ನೆಯ ತಿದ್ದುಪಡಿಯ ಮೂಲಕ 39ಎ ವಿಧಿಯು ಸೇರಿ, ದಾರಿದ್ರ್ಯದ ಕಾರಣದಿಂದ ಯಾರಿಗೂ ನ್ಯಾಯವು ನಿರಾಕೃತವಾಗಬಾರದೆಂಬ ಹೊಣೆಯು ರಾಜ್ಯದ ಮೇಲೆ ಬಿದ್ದುದೂ ಅದೇ ವರ್ಷ ಅಂಗೀಕಾರಗೊಂಡ ಶಾಸನದಿಂದಲೇ ಎಂಬುದನ್ನು ನೆನೆದರೆ, ಆ ದಶಕದಲ್ಲಿ ದೂರದೂರದ ದೇಶಗಳನ್ನು ಒಂದೇ ಪ್ರಶ್ನೆಯು ಕಾಡುತ್ತಿದ್ದಿತೆಂಬುದು ಸ್ಪಷ್ಟವಾಗುತ್ತದೆ.

ಕಾನೂನನ್ನು ಓದುವವನು ಕಕ್ಷಿಗಾರನ ಮುಖವನ್ನು ನೋಡದೆಯೇ ಪದವೀಧರನಾಗುವುದು ವಿಚಿತ್ರವೆಂದು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಅಮೆರಿಕದ ಜೆರೋಮ್ ಫ್ರಾಂಕ್ ಒಬ್ಬರು. ವೈದ್ಯವಿದ್ಯಾರ್ಥಿಯು ರೋಗಿಯ ಮಂಚದ ಬಳಿ ನಿಂತು ಕಲಿಯುವಂತೆ ಕಾನೂನಿನ ವಿದ್ಯಾರ್ಥಿಯೂ ಕಕ್ಷಿಗಾರನ ಎದುರು ಕುಳಿತು ಕಲಿಯಬೇಕೆಂದು ಅವರು 1933ರಲ್ಲಿಯೇ ವಾದಿಸಿದ್ದರು. ಆಸ್ಟ್ರೇಲಿಯದಲ್ಲಿ ಆ ವಾದಕ್ಕೆ ಬಲ ಬಂದುದು ನಾಲ್ಕು ದಶಕಗಳ ತರುವಾಯ. ಮೆಲ್ಬರ್ನಿನ ಫಿಟ್ಜ್‌ರಾಯ್‌ನಲ್ಲಿ 1972ರ ಕೊನೆಗೆ ಸಾಮುದಾಯಿಕ ಕಾನೂನು ಕೇಂದ್ರವು ತೆರೆಯಿತು. ಅದೇ ನಗರದ ಮೊನಾಶ್ ವಿಶ್ವವಿದ್ಯಾನಿಲಯವು 1975ರಲ್ಲಿ ಇಂತಹ ಸೇವೆಯನ್ನು ಪಠ್ಯಕ್ರಮದೊಳಕ್ಕೆ ತಂದುಕೊಂಡಿತು. ಬಡತನವನ್ನು ಕುರಿತ ರಾಷ್ಟ್ರೀಯ ವಿಚಾರಣಾ ಆಯೋಗಕ್ಕಾಗಿ ರೊನಾಲ್ಡ್ ಸ್ಯಾಕ್‌ವಿಲ್ ಅವರು ಸಿದ್ಧಪಡಿಸಿದ, ಕಾನೂನಿಗೂ ಬಡತನಕ್ಕೂ ಇರುವ ಸಂಬಂಧದ ವರದಿಯು ಪ್ರಕಟವಾದುದೂ ಅದೇ ವರ್ಷ.

ಆದರೆ ಬ್ರಿಸ್ಬೇನಿನ ಹವೆಯೇ ಬೇರೆ. 1968ರಿಂದ 1987ರವರೆಗೆ ಜೋ ಬೀಲ್ಕೆ-ಪೀಟರ್ಸನ್ ಅವರು ಮುಖ್ಯಸ್ಥರಾಗಿದ್ದ ಕ್ವೀನ್ಸ್‌ಲ್ಯಾಂಡಿನಲ್ಲಿ, 1977ರಲ್ಲಿ ಸರ್ಕಾರವು ರಾಜಕೀಯ ಮೆರವಣಿಗೆಗಳನ್ನು ನಿಷೇಧಿಸಿದ ಮೇಲೆ, ಬೀದಿಗಿಳಿದ ನೂರಾರು ಜನ ಬಂಧಿತರಾದರು. ಆ ನಗರದ ತರುಣ ವಕೀಲರಿಗೆ ಕಾನೂನೆಂಬುದು ಬಡವನ ರಕ್ಷೆಯೂ ಆಗಬಹುದು, ಅವನ ಬಾಯಿ ಕಟ್ಟುವ ಸಾಧನವೂ ಆಗಬಹುದು ಎಂಬ ಪಾಠವನ್ನು ತರಗತಿಯಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕ್ಯಾಕ್ಸ್ಟನ್ ಕೇಂದ್ರವು ಕಣ್ಣು ತೆರೆದು ಬೆಳೆದುದು ಇಂತಹ ಕಾಲದಲ್ಲಿ. ಮುಂದೆ 1992ರಲ್ಲಿ ಗ್ರಿಫಿತ್ ವಿಶ್ವವಿದ್ಯಾನಿಲಯವು ಕಾನೂನು ಶಾಲೆಯನ್ನು ಆರಂಭಿಸಿ, ಜೆಫ್ ಗಿಡಿಂಗ್ಸ್ ಅವರ ನೇತೃತ್ವದಲ್ಲಿ ತನ್ನ ವಿದ್ಯಾರ್ಥಿಗಳನ್ನು ಈ ಕೇಂದ್ರದ ಕೆಲಸಕ್ಕೆ ಜೋಡಿಸಿದಾಗ, ಅದುವರೆಗೆ ಸ್ವಯಂಪ್ರೇರಿತವಾಗಿದ್ದ ಸೇವೆಯು ಅಂಕಗಳುಳ್ಳ ಅಧ್ಯಯನವೂ ಆಯಿತು.

ಆ ಅಧ್ಯಯನದ ಬಗೆಯನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ಬಾಡಿಗೆ ಮನೆಯನ್ನು ಬಿಟ್ಟುಬಂದ ಹೆಂಗಸೊಬ್ಬಳು ಬಂದು ಕುಳಿತಳೆನ್ನೋಣ: ಗೋಡೆಯ ಕಲೆಗೆಂದೂ ನೆಲಹಾಸಿನ ಸವೆತಕ್ಕೆಂದೂ ಮಾಲೀಕನ ಏಜೆಂಟು ಅವಳ ಮುಂಗಡ ಹಣವನ್ನೆಲ್ಲ ಮುರಿದುಕೊಳ್ಳಲು ಹೊರಟಿದ್ದಾನೆ. ವಿದ್ಯಾರ್ಥಿಯು ಮೊದಲು ಅವಳ ಮಾತನ್ನು ತಡೆಯದೆ ಕೇಳುತ್ತಾನೆ. ಅನಂತರ, ಮನೆಗೆ ಬಂದ ದಿನ ಗೋಡೆ ನೆಲಗಳ ಸ್ಥಿತಿಯನ್ನು ಬರೆದು ಇಬ್ಬರೂ ಸಹಿ ಮಾಡಿದ ವರದಿ ಇದೆಯೇ, ಛಾಯಾಚಿತ್ರಗಳಿವೆಯೇ, ಮುಂಗಡವು ಸರ್ಕಾರದ ಬಾಡಿಗೆ ಪ್ರಾಧಿಕಾರದಲ್ಲಿ ಜಮೆಯಾಗಿದೆಯೇ ಎಂದು ಒಂದೊಂದಾಗಿ ವಿಚಾರಿಸುತ್ತಾನೆ. ಸಲಹೆಯನ್ನು ಮಾತ್ರ ಅವನು ಆಗಲೇ ಹೇಳುವಂತಿಲ್ಲ. ಎದ್ದು ಪಕ್ಕದ ಕೋಣೆಗೆ ಹೋಗಿ, ಮೇಲ್ವಿಚಾರಕರಾದ ವಕೀಲರ ಮುಂದೆ ಸಂಗತಿಯನ್ನು ನಿವೇದಿಸಬೇಕು. ದಿನಬಳಕೆಯಿಂದಾದ ಸಹಜ ಸವೆತಕ್ಕೆ ಬಾಡಿಗೆದಾರಳು ಹೊಣೆಯಲ್ಲವೆಂಬ ತತ್ತ್ವವು ಈ ನೆಲಹಾಸಿಗೆ ಅನ್ವಯಿಸುವುದೇ ಎಂಬ ಅವರ ಪ್ರಶ್ನೆಗೆ ಉತ್ತರ ಕೊಡಬೇಕು. ತಿಳಿಯದಿದ್ದರೆ ಮತ್ತೆ ಬಂದು ಅವಳನ್ನೇ ಕೇಳಬೇಕು, ನೆಲಹಾಸು ಎಷ್ಟು ವರ್ಷ ಹಳೆಯದು ಎಂದು. ಆ ಒಂದು ಪ್ರಶ್ನೆಯು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅವಳ ಹಣವು ಉಳಿಯುವುದು ಮಾತ್ರ ಅದರ ಉತ್ತರದಿಂದಲೇ. ಬಡವರು ಇಲ್ಲಿ ಕೇವಲ ಸೇವೆಯನ್ನು ಸ್ವೀಕರಿಸುವವರಲ್ಲ, ಅವರು ಗುರುಗಳೂ ಹೌದು ಎಂದು ನಾನು ದೃಢವಾಗಿ ನಂಬುತ್ತೇನೆ. ಅವರ ಋಣವು ವಿಶ್ವವಿದ್ಯಾನಿಲಯಗಳ ಮೇಲಿದೆ.

ದಕ್ಷಿಣ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಇಂತಹ ನೆರವಿನ ಪೂರ್ವೇತಿಹಾಸವು ಬ್ರಿಸ್ಬೇನಿನದಕ್ಕಿಂತ ಪ್ರಾಚೀನವಾದುದು. ಭೂಮಿಯ ಹಕ್ಕುಪತ್ರವನ್ನು ಸಾಮಾನ್ಯನಿಗೂ ಸುಲಭವೂ ಅಲ್ಪವ್ಯಯದ್ದೂ ಆಗಿಸಬೇಕೆಂದು ರಾಬರ್ಟ್ ಟಾರೆನ್ಸ್ ಅವರು 1858ರಲ್ಲಿ, ವಕೀಲರ ಪ್ರಬಲ ವಿರೋಧವನ್ನು ಎದುರಿಸಿ, ನೋಂದಣಿಯ ಹೊಸ ಪದ್ಧತಿಯನ್ನು ಜಾರಿಗೆ ತಂದ ನಾಡು ಅದು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಕಾನೂನಿನ ಬೋಧನೆ ಮೊದಲಾದುದು 1883ರಲ್ಲಿ. ಬಡವರಿಗೆ ಕಾನೂನಿನ ನೆರವು ನೀಡುವ ಶಾಸನವು 1925ರಲ್ಲಿಯೇ ಅಂಗೀಕೃತವಾಗಿ, ಅದಕ್ಕೆಂದು ಸರ್ಕಾರಿ ವಕೀಲರೊಬ್ಬರು ನೇಮಕವಾದರು. 1933ರಲ್ಲಿ ವಕೀಲರ ಸಂಘವಾದ ಲಾ ಸೊಸೈಟಿಯೇ ಆ ಭಾರವನ್ನು ವಹಿಸಿಕೊಂಡು, ತನ್ನ ಸದಸ್ಯರ ಮೂಲಕ ನಿರ್ವಹಿಸಿತು. ಇಷ್ಟು ಹಿಂದೆಯೇ ಈ ಕರ್ತವ್ಯವನ್ನು ವೃತ್ತಿಯವರೇ ಒಪ್ಪಿಕೊಂಡುದು ಸಾಮಾನ್ಯವಾದ ಸಂಗತಿಯಲ್ಲ.

ಅಡಿಲೇಡಿನ ವಿದ್ಯಾರ್ಥಿ ಕೇಂದ್ರಗಳು ಕೈಹಾಕಿರುವ ಒಂದು ಕ್ಷೇತ್ರವು ನನಗೆ ವಿಶೇಷ ಮಹತ್ತ್ವದ್ದಾಗಿ ಕಾಣುತ್ತದೆ. ದಕ್ಷಿಣ ಆಸ್ಟ್ರೇಲಿಯದ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಸಣ್ಣ ಮೊತ್ತದ ಸಿವಿಲ್ ದಾವೆಗಳಲ್ಲಿ ವಕೀಲರು ಸಾಮಾನ್ಯವಾಗಿ ಕಕ್ಷಿಗಾರರ ಪರವಾಗಿ ನಿಲ್ಲುವಂತಿಲ್ಲ. ಖರ್ಚು ಹೆಚ್ಚಾಗದಿರಲೆಂಬ ಸದುದ್ದೇಶದಿಂದ ಬಂದ ಈ ನಿಯಮದ ಫಲವಾಗಿ, ಓದುಬರಹ ಕಡಮೆಯಾದವರೂ ಇಂಗ್ಲಿಷು ಸರಿಯಾಗಿ ಬಾರದ ವಲಸೆಗಾರರೂ ತಮ್ಮ ಸಾಲದ, ರಿಪೇರಿಯ, ಗುದ್ದಿದ ಕಾರಿನ ವ್ಯಾಜ್ಯವನ್ನು ತಾವೇ ಮಂಡಿಸಬೇಕಾಗುತ್ತದೆ. ಇಂತಹವರಿಗಾಗಿ ಅಡಿಲೇಡ್ ಕಾನೂನು ಶಾಲೆಯ ವಿದ್ಯಾರ್ಥಿಗಳು ನ್ಯಾಯಾಲಯದ ಆವರಣದಲ್ಲಿಯೇ, ಮೇಲ್ವಿಚಾರಣೆಯಲ್ಲಿ, ಸಲಹೆಗೆ ಕುಳಿತರು. 2007ರಲ್ಲಿ ಕಾನೂನು ಶಾಲೆಯನ್ನು ಪಡೆದ ದಕ್ಷಿಣ ಆಸ್ಟ್ರೇಲಿಯ ವಿಶ್ವವಿದ್ಯಾನಿಲಯವು 2011ರಲ್ಲಿ ನಗರದ ಪಶ್ಚಿಮ ಭಾಗದ ತನ್ನ ಆವರಣದಲ್ಲಿ ಸಲಹಾ ಕೇಂದ್ರವನ್ನು ತೆರೆಯಿತು. ಫ್ಲಿಂಡರ್ಸ್ ವಿಶ್ವವಿದ್ಯಾನಿಲಯವೂ ಹಿಂದುಳಿಯಲಿಲ್ಲ. ನ್ಯಾಯಾಧೀಶರ ಮುಂದೆ ಬಾಯಿ ತೆರೆಯುವುದು ಕಕ್ಷಿಗಾರನೇ ಆದರೂ, ಯಾವ ರಸೀದಿಯನ್ನು ಮೊದಲು ತೋರಿಸಬೇಕು, ಯಾವ ಕೋಪದ ಮಾತನ್ನು ಬಿಡಬೇಕು ಎಂಬುದನ್ನು ಹಿಂದಿನ ದಿನ ತಾಳ್ಮೆಯಿಂದ ತಿಳಿಸಿಕೊಡುವವರು ಒಬ್ಬರಿದ್ದರೆ ಅದೆಷ್ಟು ದೊಡ್ಡ ಬಲ!

ಇನ್ನು ಪರ್ತ್. ಪ್ರಬಂಧಕಾರ ವಾಲ್ಟರ್ ಮರ್ಡಕ್ ಅವರ ಹೆಸರನ್ನು ಹೊತ್ತ ಮರ್ಡಕ್ ವಿಶ್ವವಿದ್ಯಾನಿಲಯವು ಅಲ್ಲಿ 1975ರಲ್ಲಿ ತರಗತಿಗಳನ್ನು ಆರಂಭಿಸಿತು. ಅದರ ಕಾನೂನು ಶಾಲೆಯು 1990ರಲ್ಲಿ ಹುಟ್ಟಿ, 1997ರಲ್ಲಿ ಸ್ಕೇಲ್ಸ್ ಎಂಬ ಹೆಸರಿನ ಸಾಮುದಾಯಿಕ ಕಾನೂನು ಕೇಂದ್ರವನ್ನು ಸ್ಥಾಪಿಸಿದಾಗ, ಅದಕ್ಕೆ ಆರಿಸಿಕೊಂಡ ಸ್ಥಳವು ತನ್ನ ಆವರಣವೂ ಅಲ್ಲ, ನಗರದ ಮಧ್ಯಭಾಗವೂ ಅಲ್ಲ. ಪರ್ತ್‌ನ ದಕ್ಷಿಣಕ್ಕೆ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರದ ರಾಕಿಂಗ್‌ಹ್ಯಾಮ್. 1955ರಲ್ಲಿ ಕ್ವಿನಾನಾದಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಯು ಆರಂಭವಾದಂದಿನಿಂದ ಆ ಕರಾವಳಿಯು ಕಾರ್ಮಿಕರ ವಸತಿಗಳ, ಸರ್ಕಾರಿ ಬಾಡಿಗೆ ಮನೆಗಳ ಪ್ರದೇಶವಾಗಿತ್ತು. ರೈಲುಮಾರ್ಗವು ಅಲ್ಲಿಗೆ ಬಂದುದು 2007ರ ಡಿಸೆಂಬರಿನಲ್ಲಿ. ಅದಕ್ಕೆ ಮೊದಲು, ಮನೆ ಬಿಡಿಸುವ ನೋಟಿಸನ್ನು ಕೈಯಲ್ಲಿ ಹಿಡಿದು ಮಕ್ಕಳನ್ನೂ ಕಟ್ಟಿಕೊಂಡು ಬಸ್ಸಿನಲ್ಲಿ ಪರ್ತ್‌ಗೆ ಹೋಗಿಬರುವುದೆಂದರೆ ಒಂದು ಹಗಲೇ ಹೋದಂತೆ. ವಿದ್ಯಾರ್ಥಿಯನ್ನೇ ಕಕ್ಷಿಗಾರನ ಊರಿಗೆ ಕಳುಹಿಸಿದ ಆ ನಿರ್ಣಯವು, ನನ್ನ ಅಭಿಪ್ರಾಯದಲ್ಲಿ, ಈ ಮೂರು ನಗರಗಳ ಚರಿತ್ರೆಯಲ್ಲಿಯೇ ಅತ್ಯಂತ ವಿವೇಕಯುತವಾದುದು.

ಈ ಪದ್ಧತಿಯೊಳಗೆ ಒಂದು ಕಠಿನವಾದ ತೊಡಕೂ ಇದೆ. ವಿಶ್ವವಿದ್ಯಾನಿಲಯದ ಅವಧಿಯು ಮುಗಿದೊಡನೆ ವಿದ್ಯಾರ್ಥಿಗಳು ಚದುರುತ್ತಾರೆ. ಡಿಸೆಂಬರ್ ಜನವರಿಗಳ ಬೇಸಗೆಯಲ್ಲಿ ಕಾಲೇಜು ಮುಚ್ಚಿದೆಯೆಂದು ಮನೆ ಬಿಡಿಸುವ ಆಜ್ಞೆಯು ಕಾಯುವುದಿಲ್ಲ. ರಾಕಿಂಗ್‌ಹ್ಯಾಮಿನಲ್ಲಿಯೂ ಕ್ಯಾಕ್ಸ್ಟನ್ನಿನಲ್ಲಿಯೂ ಈ ತೊಡಕು ಬಗೆಹರಿದುದು, ಸಂಬಳ ಪಡೆಯುವ ವಕೀಲರು ಕೇಂದ್ರದಲ್ಲಿ ನೆಲೆಯಾಗಿದ್ದು, ವಿದ್ಯಾರ್ಥಿಯು ಇಟ್ಟುಹೋದ ಕಡತವನ್ನು ತಾವೇ ಮುಂದುವರಿಸಿದುದರಿಂದ. ನಮ್ಮಲ್ಲಿಯೂ 2011ರ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ನಿಯಮಾವಳಿಯು ಕಾನೂನು ಕಾಲೇಜುಗಳ ನೆರವು ಕೇಂದ್ರಗಳಿಗೆ ಸ್ಥಾನ ಕೊಟ್ಟಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮೊದಲ ನಿರ್ದೇಶಕರಾದ ಮಾಧವ ಮೆನನ್ ಅವರು ಇಂತಹ ಶಿಕ್ಷಣಕ್ಕಾಗಿ ಬಹುಕಾಲ ಶ್ರಮಿಸಿದರು. ತಾಲ್ಲೂಕು ಕೇಂದ್ರದ ಸಂತೆಯ ದಿನ ಕಾಲೇಜಿನವರು ನಡೆಸುವ ಕಾನೂನು ಅರಿವು ಶಿಬಿರಕ್ಕೆ ಪಹಣಿಯನ್ನೋ ಬ್ಯಾಂಕಿನ ನೋಟಿಸನ್ನೋ ಹಿಡಿದು ಬರುವ ರೈತನಿಗೆ, ಮುಂದಿನ ಸಂತೆಗೆ ಮತ್ತೆ ಬಂದಾಗ ಅದೇ ಕಡತವನ್ನು ತೆರೆದು ಕೂರುವ ವಕೀಲರೊಬ್ಬರು ಅಲ್ಲಿಯೂ ಬೇಕು. ಅದಕ್ಕೆ ತಗಲುವ ಸಂಬಳವನ್ನು ಕಾಲೇಜೂ ಪ್ರಾಧಿಕಾರವೂ ಹಂಚಿಕೊಂಡು ಕೊಡಬಹುದು.