ಹವಾ ಮತ್ತು ಅಹವಾಲು

ನಮ್ಮ ಕಲಬುರಗಿ ಕಡೆ ಗಾಳಿ ಬೀಸುತ್ತದೆ, ಹವಾ ಇರುತ್ತದೆ. ಗುಂಡಗುರ್ತಿಯಲ್ಲಾಗಲಿ ಸೇಡಂನಲ್ಲಾಗಲಿ ಪಂಚರ್ ಅಂಗಡಿಯವನಿಗೆ ‘ಗಾಳಿ ತುಂಬು’ ಅಂದರೆ ಪರವೂರಿನವರು ಎಂದು ಗುರುತು ಹಿಡಿಯುತ್ತಾನೆ. ಇಲ್ಲಿಯವರು ‘ಹವಾ ಹಾಕ್ರಿ’ ಅನ್ನುತ್ತಾರೆ. ಮಾಗಿಯ ಬೆಳಗಿಗೆ ‘ಹವಾ ಚಲೋ ಅದ’. ಮೇ ತಿಂಗಳ ಮಧ್ಯಾಹ್ನಕ್ಕೆ ‘ಹವಾನೇ ಇಲ್ಲ’. ಬೇನೆಯಿಂದ ಎದ್ದವರಿಗೆ ಹವಾ ಬದಲಿ ಆಗಬೇಕು. ಚುನಾವಣೆ ಬಂದರೆ ಚಹಾದಂಗಡಿಯಲ್ಲಿ ಒಂದೇ ಪ್ರಶ್ನೆ: ‘ಈ ಸಲ ಯಾರ ಹವಾ ಅದರಿ?’ ಫಲಿತಾಂಶದ ಮಾರನೆಯ ದಿನ ಸೋತವರ ಹವಾ ಹೋಗಿರುತ್ತದೆ. ಗಾಳಿಗೆ ಈ ಸವಲತ್ತಿಲ್ಲ. ಗಾಳಿ ಎಂದರೆ ಬೀಸುವುದು, ಇಲ್ಲವೇ ಸೋಕುವುದು, ಹೆಚ್ಚೆಂದರೆ ಗಾಳಿಮಾತು.

ಹವಾ ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ದಖನಿಗೆ ಬಂದು ನಮ್ಮಲ್ಲಿ ನೆಲೆ ನಿಂತ ಮಾತು. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ಇಂಥ ಮಾತುಗಳು ದಫ್ತರದ ಬಾಗಿಲಿನಿಂದಲೂ ಬಂದವು, ಸಂತೆಯ ಬಾಗಿಲಿನಿಂದಲೂ ಬಂದವು. ಮುಂದೆ ಯಾರೋ ಇದಕ್ಕೆ ಸಂಸ್ಕೃತದ ‘ಮಾನ’ ಜೋಡಿಸಿ ಹವಾಮಾನ ಮಾಡಿದರು. ಆ ದಿನದ ಬಿಸಿಲು-ಮಳೆಗೆ ಹವಾಮಾನ, ಬಹುಕಾಲದ ನಡಾವಳಿಗೆ ಹವಾಗುಣ ಎಂದು ಶಾಲೆಯ ಪುಸ್ತಕ ಇಂದಿಗೂ ಕಲಿಸುತ್ತದೆ. ಪತ್ರಿಕೆಗಳು ಕೇಳಲಿಲ್ಲ. ‘ಹವಾಮಾನ ಬದಲಾವಣೆ’ಯೇ ಗೆದ್ದಿತು. ಪಂಡಿತರು ಬೇಕಾದರೆ ಬೇಸರಪಟ್ಟುಕೊಳ್ಳಲಿ, ನನಗೇನೂ ತಕರಾರಿಲ್ಲ. ಮಾನ ಎಂದರೆ ಅಳತೆ ಮಾತ್ರವಲ್ಲವಲ್ಲ, ಮರ್ಯಾದೆಯೂ ಹೌದು.

ಅದೇ ದಫ್ತರದ ಬಾಗಿಲಿನಿಂದ ಇನ್ನೊಂದು ಮಾತು ಬಂತು, ಅಹವಾಲು. ಕಿವಿಗೆ ಹವಾದ ಅಣ್ಣನಂತೆ ಕೇಳಿಸಿದರೂ ರಕ್ತಸಂಬಂಧವಿಲ್ಲ. ಅರಬ್ಬಿಯಲ್ಲಿ ಹಕಾರ ಎರಡು, ಕನ್ನಡಕ್ಕೆ ಒಂದೇ ಸಾಕಾಯಿತು. ವಾಡಿ, ಶಹಾಬಾದದ ಗಲ್ಲಿಗಳಲ್ಲಿ ‘ಕ್ಯಾ ಹಾಲ್ ಹೈ’ ಎಂದು ವಿಚಾರಿಸುತ್ತಾರಲ್ಲ, ಆ ‘ಹಾಲ್’ನ ಬಹುವಚನವೇ ಅಹವಾಲ್. ಸ್ಥಿತಿಗತಿ, ಪಾಡು. ತಹಸೀಲ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತವನು ಕೊಡುವುದು ತನ್ನ ಪಾಡನ್ನೇ. ಪೊಲೀಸರ ‘ಹವಾಲಾತ್’, ಅಂದರೆ ಲಾಕಪ್ಪು, ಕೂಡ ಇದೇ ಮೂಲದ್ದು. ಒಪ್ಪಿಸು ಎನ್ನುವ ಅರ್ಥದ ‘ಹವಾಲೆ’ಯಿಂದ ಬಂದದ್ದು.

ಈಗ ಈ ಎರಡು ಮಾತುಗಳನ್ನು ಕೂಡಿಸುವ ಕಲ್ಲಿನ ವಿಷಯ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ತೊಗರಿಯ ಕರಿಮಣ್ಣಿನ ಕೆಳಗೆ ಇರುವುದು ಸುಣ್ಣದ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ನಿಂತಿದ್ದ ಸಮುದ್ರದ ತಳ ಅದು. ಹಾಸಾಗಿ ಸೀಳಿದರೆ ಫರಸಿ. ‘ಶಹಾಬಾದ ಕಲ್ಲು’ ಎಂಬ ಹೆಸರಿನಲ್ಲಿ ಎಷ್ಟೋ ಮನೆಗಳ ನೆಲಕ್ಕೆ ಹೋಗಿ ಕೂತಿದೆ. ಪುಡಿ ಮಾಡಿ ಸುಟ್ಟರೆ ಸಿಮೆಂಟು. ಸಿಮೆಂಟ್ ಕಾರ್ಖಾನೆ ಎಂದರೆ ಎಲ್ಲರಿಗೂ ಹೊಗೆಗೊಳವೆ ನೆನಪಾಗುತ್ತದೆ, ಕಲ್ಲಿದ್ದಲು ನೆನಪಾಗುತ್ತದೆ. ಆದರೆ ಹವಾಮಾನ ಕೆಡಿಸುವ ಅನಿಲದ ಹೆಚ್ಚಿನ ಪಾಲು ಹೊರಡುವುದು ಕಲ್ಲಿನೊಳಗಿಂದಲೇ. ನೂರು ಕಿಲೊ ಶುದ್ಧ ಸುಣ್ಣದ ಕಲ್ಲನ್ನು ಕಾಯಿಸಿದರೆ 56 ಕಿಲೊ ಸುಣ್ಣ ಉಳಿದು 44 ಕಿಲೊ ಇಂಗಾಲದ ಡೈಆಕ್ಸೈಡ್ ಎದ್ದು ಹೋಗುತ್ತದೆ. ಒಲೆಗೆ ಕಲ್ಲಿದ್ದಲಿನ ಬದಲು ಬಿಸಿಲನ್ನೇ ಉರುವಲು ಮಾಡಿದರೂ ಈ 44 ಕಿಲೊ ತಪ್ಪುವುದಿಲ್ಲ. ಹಳೆಯ ಸಮುದ್ರ ಹಿಡಿದಿಟ್ಟಿದ್ದ ಹವಾ ಅದು. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7-8ರಷ್ಟು ಸಿಮೆಂಟಿನದೇ ಎಂಬ ಲೆಕ್ಕಕ್ಕೆ ಮಳಖೇಡ, ವಾಡಿಗಳ ಕಾರ್ಖಾನೆಗಳೂ ತಮ್ಮ ಪಾಲು ಕೊಟ್ಟಿವೆ.

ಊರವರು ಈ ರಸಾಯನಶಾಸ್ತ್ರ ಮಾತಾಡುವುದಿಲ್ಲ. ಅವರು ಮಾತಾಡುವುದು ಧೂಳಿನ ಬಗ್ಗೆ: ತೊಗರಿಯ ಎಲೆಯ ಮೇಲೆ, ಮಾಳಿಗೆಯ ಮೇಲೆ, ಒಣಹಾಕಿದ ಸೀರೆಯ ಮೇಲೆ ಕೂರುವ ಧೂಳು. ಹೊಸ ಗಣಿಗೆ, ಕಾರ್ಖಾನೆಯ ವಿಸ್ತರಣೆಗೆ ಪರಿಸರದ ಅನುಮತಿ ಬೇಕೆಂದರೆ ಕಂಪನಿ ಜನರ ಮುಂದೆ ಬರಬೇಕು ಎಂಬ ನಿಯಮ 1997ರಲ್ಲಿ ಬಂತು, 2006ರ ಅಧಿಸೂಚನೆಯಲ್ಲಿ ಮುಂದುವರಿಯಿತು. ಮೂವತ್ತು ದಿನ ಮೊದಲೇ ತಿಳಿಸಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಕನ್ನಡ ಪತ್ರಿಕೆಗಳು ಇದನ್ನು ‘ಸಾರ್ವಜನಿಕ ಅಹವಾಲು ಸಭೆ’ ಎಂದು ಕರೆಯುತ್ತವೆ. ನೆಂಟಸ್ತಿಕೆ ಇಲ್ಲದ ಎರಡು ಮಾತುಗಳು ಒಂದೇ ಶಾಮಿಯಾನದ ಕೆಳಗೆ ಕೂರುವುದು ಇಲ್ಲಿ. ಸಭೆ ಕರೆದದ್ದು ಹವಾಕ್ಕಾಗಿ. ಜನ ತರುವುದು ಹಾಲ್. ‘ಹೊಲ ಹೋದವರ ಮಕ್ಕಳಿಗೆ ನೌಕರಿ ಎಲ್ಲದರಿ?’ ‘ಬೋರಿನಾಗ ನೀರ ಕೆಳಗ ಹೋಗ್ಯಾವ.’ ‘ಲಾರಿ ಓಡ್ಯಾಡಿ ರಸ್ತಾ ಹಾಳಾಗ್ಯಾವ.’ ಪರಿಸರದ ಪ್ರಶ್ನೆಯನ್ನಷ್ಟೇ ಕೇಳಿರಿ ಎಂದರೆ ಸಭೆ ಹತ್ತು ನಿಮಿಷದಲ್ಲಿ ಮುಗಿದೀತು.

ಇಂಥ ಸಭೆ ನೋಡಿದವರಿಗೆ, ಹವಾಮಾನದ ಚಳವಳಿಗೆ ಇಳಿದ ಹುಡುಗರಿಗೆ ಮಾನವ ಹಕ್ಕುಗಳ ಉಸಾಬರಿ ಏಕೆ ಎಂಬ ಆಕ್ಷೇಪ ವಿಚಿತ್ರವಾಗಿ ಕೇಳಿಸುತ್ತದೆ. ಬೆಂಗಳೂರಿನ ದಿಶಾ ರವಿ ‘ಫ್ರೈಡೇಸ್ ಫಾರ್ ಫ್ಯೂಚರ್’ ಎಂಬ ಹವಾಮಾನ ಚಳವಳಿಯ ಭಾರತದ ಶಾಖೆ ಕಟ್ಟಿದವರಲ್ಲಿ ಒಬ್ಬರು. ರೈತರಾದ ಅಜ್ಜ-ಅಜ್ಜಿ ನೀರಿಗೆ ಪಟ್ಟ ಪಾಡು ನೋಡಿ ಈ ದಾರಿಗೆ ಬಂದೆ ಎಂದವರು. ರೈತರ ಚಳವಳಿಗೆ ಬೆಂಬಲ ಕೋರುವ ಒಂದು ‘ಟೂಲ್‌ಕಿಟ್’ ಕಡತ ತಿದ್ದಿದರೆಂದು 2021ರ ಫೆಬ್ರುವರಿ 13ರಂದು ದಿಲ್ಲಿ ಪೊಲೀಸರು ಬೆಂಗಳೂರಿಗೆ ಬಂದು ಅವರನ್ನು ಬಂಧಿಸಿದರು. ವಯಸ್ಸು 22, ಆರೋಪ ರಾಜದ್ರೋಹ. ಹವಾಮಾನದ ಹುಡುಗಿಗೆ ರೈತರ ಗೊಡವೆ ಏಕೆ ಎಂದು ಟಿವಿಯಲ್ಲಿ ಕೇಳಿದವರೇ ಕೇಳಿದರು. ಮಳೆ ತಪ್ಪಿದರೆ ಮೊದಲು ಯಾರ ಮನೆಗೆ ಹೊಡೆತ ಎಂಬುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ಕೇಳಿದರೋ. ಹವಾದ ಕೆಲಸಕ್ಕೆ ಇಳಿದವರು ಹವಾಲಾತ್ ಸೇರಿದರು. ಹತ್ತು ದಿನದ ಮೇಲೆ, ಫೆಬ್ರುವರಿ 23ರಂದು ಅವರಿಗೆ ಜಾಮೀನು ಸಿಕ್ಕಿತು. ಸರ್ಕಾರದ ಅಹಂಕಾರಕ್ಕಾದ ಗಾಯಕ್ಕೆ ರಾಜದ್ರೋಹದ ಕಾನೂನು ಔಷಧವಲ್ಲ ಎಂಬರ್ಥದ ಮಾತು ನ್ಯಾಯಾಧೀಶ ಧರ್ಮೇಂದರ್ ರಾಣಾ ಅವರ ಆದೇಶದಲ್ಲಿದೆ. ಒಳ್ಳೆಯ ವಿಚಾರ ಎಲ್ಲ ದಿಕ್ಕಿನಿಂದ ಬರಲಿ ಎನ್ನುವ ಋಗ್ವೇದವನ್ನೂ ಅವರು ನೆನೆದರು.

ಆಕ್ಷೇಪ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. 2018ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ಸಂಸತ್ತಿನ ಮುಂದೆ ಒಂಟಿಯಾಗಿ ಫಲಕ ಹಿಡಿದು ಕೂತ ಗ್ರೇಟಾ ಥನ್‌ಬರ್ಗ್ 2023ರ ನವೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನ ವೇದಿಕೆಯಲ್ಲಿ ಪ್ಯಾಲೆಸ್ತೀನಿನ ಪರ ಮಾತಾಡಿದಾಗ, ಒಬ್ಬಾತ ಮೇಲೆ ಹತ್ತಿ ಮೈಕು ಕಿತ್ತುಕೊಳ್ಳಲು ನೋಡಿದ. ನಾನು ಬಂದದ್ದು ಹವಾಮಾನದ ಸಭೆಗೆ, ರಾಜಕೀಯಕ್ಕಲ್ಲ ಎಂಬುದು ಅವನ ದೂರು. ಗ್ರೇಟಾ ಅವರದೇ ‘ಫ್ರೈಡೇಸ್ ಫಾರ್ ಫ್ಯೂಚರ್’ನ ಜರ್ಮನ್ ಶಾಖೆಯೂ ಈ ವಿಷಯದಲ್ಲಿ ದೂರ ಸರಿದು ನಿಂತಿತು. ಮೈಕು ಕಿತ್ತುಕೊಳ್ಳಲು ಹೋದವನನ್ನು ಸಮರ್ಥಿಸಲಾರೆ. ಆದರೆ ಅವನ ದೂರಿನಲ್ಲಿ ಒಂದು ಹಿಡಿ ನಿಜವಿದೆ. ಲೋಕದ ಎಲ್ಲ ಸಂಕಟಗಳೂ ಒಂದೇ ಫಲಕದ ಮೇಲೆ ಬಂದಾಗ ದೊಡ್ಡ ದನಿಯ ಸಂಕಟ ಉಳಿದು ಸಣ್ಣ ದನಿಯದು ಅಳಿಸಿ ಹೋಗುತ್ತದೆ. ವಾಡಿಯ ಮಾಳಿಗೆಯ ಮೇಲಿನ ಧೂಳು ಎಂದೂ ದೊಡ್ಡ ದನಿಯದ್ದಾಗಿರಲಿಲ್ಲ. ಇನ್ನೊಂದು ತೊಡಕು: ಹಕ್ಕಿನ ಮಾತು ಎತ್ತಿಕೊಂಡ ಹವಾಮಾನದ ಹುಡುಗರು ನಮ್ಮ ಕಡೆ ಬಂದರೆ, ಅದೇ ಕಾರ್ಖಾನೆಯಲ್ಲಿ ಕೆಲಸ ಕೇಳುವ ಹುಡುಗರ ಅಹವಾಲನ್ನೂ ಕೇಳಬೇಕಾಗುತ್ತದೆ. ಒಲೆ ಆರಿಸಿ ಎಂದು ಕೂಗಿ ರೈಲು ಹತ್ತುವಂತಿಲ್ಲ.

ಹವಾಮಾನಕ್ಕೂ ಹಕ್ಕಿಗೂ ನಂಟು ಕಾಣುವ ಈ ದಾರಿಯಲ್ಲಿ ಕಾನೂನೂ ನಿಧಾನವಾಗಿ ಬರುತ್ತಿದೆ. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೆಯ ವಿಧಿಗಳಡಿ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ಪ್ರಕರಣ ಎರೆಭೂತ ಹಕ್ಕಿಯದ್ದು. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಎತ್ತಿದ, ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆಯ ಪ್ರಶ್ನೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಮುಟ್ಟಿ, 2025ರ ಜುಲೈನಲ್ಲಿ ಉತ್ತರ ಪಡೆಯಿತು.

ನಮಗೆ ಇನ್ನೂ ಹತ್ತಿರದ ಸಂಗತಿ 2020ರದು. ಪರಿಸರ ಅನುಮತಿಯ ಹೊಸ ಕರಡು ಬಂತು. ಅಹವಾಲಿಗೆ ಕೊಡುವ ಮೂವತ್ತು ದಿನವನ್ನು ಇಪ್ಪತ್ತಕ್ಕೆ ಇಳಿಸುವ ಪ್ರಸ್ತಾಪ ಅದರಲ್ಲಿತ್ತು. ಭಾರತದ ‘ಫ್ರೈಡೇಸ್ ಫಾರ್ ಫ್ಯೂಚರ್’ ಹುಡುಗರು ಕೇಂದ್ರದ ಪರಿಸರ ಸಚಿವರಿಗೆ ಇಮೇಲಿನ ಮಳೆಗರೆದರು. ಅವರ ಜಾಲತಾಣ ಬಂದಾಯಿತು, ಭಯೋತ್ಪಾದನೆ ತಡೆಗೆಂದಿರುವ ಯುಎಪಿಎ ಹೆಸರಿನಲ್ಲಿ ನೋಟಿಸೂ ಹೋಯಿತು. ಆಮೇಲೆ ಕಣ್ತಪ್ಪು ಎಂದು ಪೊಲೀಸರು ಹಿಂದೆಗೆದುಕೊಂಡರು. ಆ ಕರಡು ಕನ್ನಡದಲ್ಲಿ ಇರಲಿಲ್ಲ. 22 ಭಾಷೆಗಳಿಗೆ ಅನುವಾದಿಸಿ ಎಂದು ದಿಲ್ಲಿ ಹೈಕೋರ್ಟ್ ಜೂನ್‌ನಲ್ಲಿ ಹೇಳಿತು. ಪ್ರಾದೇಶಿಕ ಭಾಷೆಗಳಲ್ಲಿ ಪ್ರಚಾರವಾಗಿಲ್ಲ ಎಂಬ ಕಾರಣಕ್ಕೆ ಅಂತಿಮ ಅಧಿಸೂಚನೆ ಹೊರಡಿಸದಂತೆ ಕರ್ನಾಟಕ ಹೈಕೋರ್ಟ್ ಆಗಸ್ಟ್‌ನಲ್ಲಿ ತಡೆಯೊಡ್ಡಿತು. ಸರ್ಕಾರಿ ಕಾಗದದಲ್ಲಿ ಅಹವಾಲು ಸಭೆಗೆ ‘ಸಾರ್ವಜನಿಕ ಆಲಿಕೆ’ ಎಂಬ ಹೆಸರೂ ಉಂಟು. ನಾನು ಪತ್ರಿಕೆಯವರ ಪಕ್ಷ. ಆಲಿಸುವವರು ವೇದಿಕೆಯ ಮೇಲೆ ನಾಲ್ಕು ಜನ, ಅಹವಾಲು ತಂದವರು ಕೆಳಗೆ ಊರು ತುಂಬ.