ತಿಂಗಳಿಗೊಂದು ಕಾಸು: ಮಕ್ಕಳ ಕಾಣಿಕೆಯ ಚರಿತ್ರೆ

ಪ್ರಭುವಿನ ಸಾಕ್ಷಾತ್ಕಾರದ ಹಬ್ಬದಂದು ಗೋದಲಿಯ ಮುಂದೆ ಜ್ಞಾನಿಗಳನ್ನು ನಿಲ್ಲಿಸುತ್ತೇವೆ. ಚಿನ್ನ, ಸಾಂಬ್ರಾಣಿ, ರಕ್ತಬೋಳ ಎಂದು ನಮ್ಮ ಧರ್ಮೋಪದೇಶದ ತರಗತಿಯ ಮಕ್ಕಳು ತಡವರಿಸದೆ ಒಪ್ಪಿಸುತ್ತಾರೆ. ಕಾಣಿಕೆಯ ಹಬ್ಬವಾದ್ದರಿಂದಲೇ ಅನೇಕ ದೇಶಗಳಲ್ಲಿ ಮಕ್ಕಳ ಮಿಷನ್ ದಿನವನ್ನೂ ಇದೇ ಹಬ್ಬದೊಂದಿಗೆ ಆಚರಿಸುತ್ತಾರೆ. ಆ ದಿನವನ್ನು 1950ರಲ್ಲಿ ಗೊತ್ತುಪಡಿಸಿದವರು ಜಗದ್ಗುರು ಹನ್ನೆರಡನೆಯ ಪಯಸ್.

ಆದರೆ ಭಾನುವಾರದ ಬಲಿಪೂಜೆಯಲ್ಲಿ ಕಾಣಿಕೆಯ ಚೀಲ ಹತ್ತಿರ ಬಂದಾಗ ನಡೆಯುವುದೇನು? ಚಿಕ್ಕಬಳ್ಳಾಪುರವಾಗಲಿ ಗೌರಿಬಿದನೂರಾಗಲಿ, ಚಿಂತಾಮಣಿಯಾಗಲಿ ಶಿಡ್ಲಘಟ್ಟವಾಗಲಿ, ನೋಟ ಒಂದೇ. ತಾಯಿ ಹತ್ತು ರೂಪಾಯಿಯ ನೋಟು ತೆಗೆದು ಮಗುವಿನ ಕೈಗಿಡುತ್ತಾಳೆ. ಮಗು ಅದನ್ನು ಚೀಲಕ್ಕೆ ಹಾಕಿ ತಿರುಗಿ ನೋಡಿ ನಗುತ್ತದೆ. ನೋಡುವುದಕ್ಕೆ ಚೆಂದವೇ. ಆದರೂ ಕೊಟ್ಟವಳು ತಾಯಿ. ಮಗು ಬರೀ ಸಾಗಿಸಿತು. ಮಗುವಿನದೇ ಆದ ಕಾಣಿಕೆ ಎಂಬುದೊಂದಿದೆಯೆ? ಈ ಪ್ರಶ್ನೆಯನ್ನು ಧರ್ಮಸಭೆ ಸುಮಾರು ಇನ್ನೂರು ವರ್ಷಗಳ ಹಿಂದೆ ಗಂಭೀರವಾಗಿ ಕೇಳಿಕೊಂಡಿತು. ಅದರ ಬೇರು ಶಿಡ್ಲಘಟ್ಟದ ಜನರಿಗೆ ಬಹು ಪರಿಚಿತವಾದ ಒಂದು ಕಸುಬಿನಲ್ಲಿದೆ ಎಂಬುದು ನಮಗೆ ಸಂತೋಷ ತರುವ ಸಂಗತಿ.

ಫ್ರಾನ್ಸಿನ ಲಿಯೋನ್ ಪಟ್ಟಣ ಆಗ ರೇಷ್ಮೆಗೆ ಹೆಸರಾಗಿತ್ತು. ಅಲ್ಲಿನ ಒಬ್ಬ ರೇಷ್ಮೆ ವ್ಯಾಪಾರಿಯ ಮಗಳು ಪೌಲಿನ್ ಜಾರಿಕೋ ಹುಟ್ಟಿದ್ದು 1799ರಲ್ಲಿ. ಬಂಧುವೊಬ್ಬರ ರೇಷ್ಮೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳನ್ನು ಆಕೆ ಕೂಡಿಸಿದಳು. ವಾರಕ್ಕೆ ಒಂದು ‘ಸೂ’ ಕೊಡಬೇಕು. ಸೂ ಎಂದರೆ ನಮ್ಮ ಹಿರಿಯರ ಕಾಸಿನಂಥ ಚಿಲ್ಲರೆ ನಾಣ್ಯ. ಒಬ್ಬಳು ಹತ್ತು ಜನರಿಂದ ಕೂಡಿಸುವುದು, ಅಂಥ ಹತ್ತು ಗುಂಪು ಸೇರಿ ನೂರು, ನೂರು ಹತ್ತಾಗಿ ಸಾವಿರ. ಹೀಗೆ ಬೆಳೆದ ಬಳಗವೇ 1822ರಲ್ಲಿ ವಿಶ್ವಾಸ ಪ್ರಸಾರ ಸಂಘವಾಯಿತು. ಮಿಷನ್ನುಗಳಿಗೆ ಅದುವರೆಗೆ ಹಣ ಬರುತ್ತಿದ್ದುದು ಹೆಚ್ಚಾಗಿ ಅರಸರಿಂದ, ಸಿರಿವಂತರಿಂದ. ಇಲ್ಲಿ ಕೂಲಿ ಹೆಣ್ಣುಮಕ್ಕಳೇ ದಾನಿಗಳಾದರು. ನೂಲು ಬಿಚ್ಚಾಣಿಕೆಯ ಮನೆಯಲ್ಲಿ ಬಿಸಿನೀರಿನ ಬೋಗುಣಿಯ ಮುಂದೆ ದಿನವಿಡೀ ನಿಂತವರಿಗೆ ಆ ಒಂದು ಕಾಸಿನ ತೂಕ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇದಾಗಿ ಇಪ್ಪತ್ತು ವರ್ಷಗಳ ನಂತರ, 1842ರಲ್ಲಿ, ನಾನ್ಸಿಯ ಧರ್ಮಾಧ್ಯಕ್ಷ ಶಾರ್ಲ್ ದ ಫೋರ್ಬಿನ್-ಜಾನ್ಸನ್ ಲಿಯೋನಿಗೆ ಬಂದು ಪೌಲಿನ್‌ಳ ಸಲಹೆ ಕೇಳಿದರು. 1830ರ ಕ್ರಾಂತಿಯ ನಂತರ ಸ್ವಂತ ಧರ್ಮಪ್ರಾಂತ್ಯಕ್ಕೆ ಹಿಂತಿರುಗಲಾಗದೆ ಉಳಿದವರು ಅವರು. ಚೀನಾದಲ್ಲಿ ಹೆತ್ತವರು ಬಿಟ್ಟುಹೋದ ಹಸುಗೂಸುಗಳ ಸುದ್ದಿ ಮಿಷನರಿಗಳ ಪತ್ರಗಳಲ್ಲಿ ಬರುತ್ತಿತ್ತು. ಆ ಕೂಸುಗಳಿಗೆ ಯುರೋಪಿನ ಮಕ್ಕಳೇ ಏಕೆ ನೆರವಾಗಬಾರದು ಎಂದು ಅವರಿಗೆ ಹೊಳೆಯಿತು. 1843ರಲ್ಲಿ ಪವಿತ್ರ ಬಾಲ್ಯ ಸಂಘ ಹುಟ್ಟಿತು. ಕಟ್ಟಳೆ ಎರಡೇ: ದಿನಕ್ಕೊಂದು ನಮೋ ಮರಿಯಾ, ತಿಂಗಳಿಗೊಂದು ಕಾಸು. ಮರುವರ್ಷವೇ ಅವರು ತೀರಿಕೊಂಡರು. ಸಂಘ ಮಾತ್ರ ಉಳಿದು ಬೆಳೆಯಿತು. 1882ರಲ್ಲಿ ಅದಕ್ಕೆ ಸೇರಿದವರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿಯಿದ್ದಳು. ಮುಂದೆ ಅವಳೇ ಲಿಸಿಯದ ಸಂತ ತೆರೇಸಾ. 1922ರಲ್ಲಿ ರೋಮ್ ಈ ಸಂಘವನ್ನು ಜಗದ್ಗುರುಗಳ ಸಂಘವೆಂದು ಅಂಗೀಕರಿಸಿತು.

ತಿಂಗಳಿಗೊಂದು ಕಾಸು ಎಂಬ ಅಳತೆಯನ್ನು ಸ್ವಲ್ಪ ನಿಂತು ನೋಡೋಣ. ಅದು ಮಗು ತನ್ನ ತಿಂಡಿಯ ಕಾಸಿನಲ್ಲೇ ಉಳಿಸಬಹುದಾದಷ್ಟು. ಅಪ್ಪನನ್ನು ಕೇಳಬೇಕಾಗಿಲ್ಲ. ಒಮ್ಮೆ ಕೊಟ್ಟು ಮರೆಯುವಂತೆಯೂ ಇಲ್ಲ, ತಿಂಗಳು ತಿರುಗಿದರೆ ಮತ್ತೆ ಬರುತ್ತದೆ. ಸಂತ ಪೌಲರು ಕೊರಿಂಥದವರಿಗೆ ಕೊಟ್ಟ ಸಲಹೆಯೂ ಇದೇ ಜಾತಿಯದು: ವಾರದ ಮೊದಲ ದಿನ ಅವರವರ ಶಕ್ತಿಯಂತೆ ತೆಗೆದಿಡಿ, ನಾನು ಬಂದಾಗ ಅವಸರದಲ್ಲಿ ಕೂಡಿಸುವುದು ಬೇಡ ಎಂದಿದ್ದರು. ದಿನದ ಪ್ರಾರ್ಥನೆ ಇನ್ನೂ ಮುಖ್ಯ. ಕಾಸು ತಿಂಗಳಿಗೊಮ್ಮೆ, ಆದರೆ ಆ ಕಾಣದ ಕೂಸಿನ ನೆನಪು ದಿನವೂ.

ದೂರದ ಪತ್ರ ಓದಿ ಕೈ ಬಿಚ್ಚುವ ಈ ಪದ್ಧತಿಗೂ ನಮ್ಮ ಸೀಮೆಗೂ ಹಳೆಯ ನಂಟಿದೆ. 18ನೆಯ ಶತಮಾನದ ಆರಂಭದಲ್ಲಿ ಕರ್ನಾಟಿಕ್ ಮಿಷನ್ನಿನ ಫ್ರೆಂಚ್ ಯೇಸುಸಭೆಯ ಗುರುಗಳು ಇಲ್ಲಿ ಓಡಾಡುತ್ತಿದ್ದರು. ಚಿನ್ನಬಳ್ಳಾಪುರದಿಂದ ಬರೆದ ಪತ್ರವೂ ಪ್ಯಾರಿಸಿನಲ್ಲಿ ಅಚ್ಚಾದ ಅವರ ಪತ್ರಮಾಲೆಯಲ್ಲಿದೆ. ಚಿಕ್ಕಬಳ್ಳಾಪುರಕ್ಕೆ ತೆಲುಗರ ಬಾಯಲ್ಲಿ ಇಂದಿಗೂ ಅದೇ ಹೆಸರು ತಾನೆ.

ಮಕ್ಕಳನ್ನು ಹೀಗೆ ಕೂಡಿಸಿದವರು ಕಥೋಲಿಕರು ಮಾತ್ರವಲ್ಲ. ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆಯ ಮೂಲ ಲಂಡನ್ ಮಿಷನ್. ಆ ಮಿಷನ್ನಿಗೆ ಪೆಸಿಫಿಕ್ ದ್ವೀಪಗಳಲ್ಲಿ ಓಡಾಡಲು ಹಡಗೊಂದು ಬೇಕಾದಾಗ ಇಂಗ್ಲೆಂಡಿನ ಭಾನುವಾರದ ಶಾಲೆಯ ಮಕ್ಕಳು ಚಿಲ್ಲರೆ ಕೂಡಿಸಿ ಆರು ಸಾವಿರ ಪೌಂಡಿಗೂ ಮಿಗಿಲಾಗಿ ಕೊಟ್ಟರು. ‘ಜಾನ್ ವಿಲಿಯಮ್ಸ್’ ಎಂಬ ಆ ಹಡಗು 1844ರಲ್ಲಿ ನೀರಿಗಿಳಿಯಿತು. 1864ರಲ್ಲಿ ಬಂಡೆಗೆ ಬಡಿದು ಮುಳುಗಿತು. ಮಕ್ಕಳು ಮತ್ತೆ ಕೂಡಿಸಿದರು. ಎರಡನೆಯದೂ 1867ರಲ್ಲಿ ಮುಳುಗಿತು, ಮರುವರ್ಷ ಮೂರನೆಯದು ಹೊರಟಿತು! ಕೊಟ್ಟದ್ದು ಸಮುದ್ರದ ಪಾಲಾದರೂ ಇನ್ನೊಮ್ಮೆ ಕೊಡುವುದನ್ನು ಕಲಿತ ಮಕ್ಕಳು ಅವರು.

ಇಷ್ಟೆಲ್ಲ ಹೇಳಿ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಅಮೆರಿಕದ ಕಥೋಲಿಕ ಶಾಲೆಗಳಲ್ಲಿ 20ನೆಯ ಶತಮಾನದ ಮಧ್ಯದವರೆಗೂ ಐದು ಡಾಲರು ಕೂಡಿಸಿದ ಮಕ್ಕಳಿಗೆ ದೂರದೇಶದ ಒಂದು ಕೂಸಿಗೆ ಜ್ಞಾನಸ್ನಾನದ ಹೆಸರಿಡುವ ಅವಕಾಶ ಸಿಗುತ್ತಿತ್ತು. ಪ್ರಮಾಣಪತ್ರವನ್ನೂ ಕೊಡುತ್ತಿದ್ದರು. ಉದ್ದೇಶ ಒಳ್ಳೆಯದಿರಬಹುದು. ಆದರೆ ಕೊಡುವ ಮಗುವಿನ ಮನಸ್ಸಿನಲ್ಲಿ ಪಡೆಯುವ ಮಗು ಕೊಂಡುಕೊಂಡ ಗೊಂಬೆಯಾಯಿತು.

ಈ ಮಾತು ನಮಗೆ ಚುಚ್ಚಬೇಕು. ಪಡೆಯುವವರ ಸಾಲಿನಲ್ಲಿ ನಮ್ಮ ನಾಡಿನ ಮಕ್ಕಳೂ ನಿಂತಿದ್ದರು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐವತ್ತು ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಮಂದಿ ಸತ್ತರು. ನಮ್ಮ ನಾಲ್ಕು ತಾಲ್ಲೂಕುಗಳಿದ್ದ ಅಂದಿನ ಕೋಲಾರ ಜಿಲ್ಲೆ ಹೆಚ್ಚು ಬಳಲಿದ ಜಿಲ್ಲೆಗಳಲ್ಲೊಂದು. ಅನಾಥರಾಗಿ ಉಳಿದ ಮಕ್ಕಳಿಗಾಗಿ ಫ್ರೆಂಚ್ ಗುರುಗಳು ಹೆಸರಘಟ್ಟದ ಕಡೆ ಸಿಲುವೆಪುರವನ್ನು ಕಟ್ಟಿದರು. ಆ ಮಕ್ಕಳು ದೊಡ್ಡವರಾಗಿ, ಹೊಲ ಉತ್ತು, ಸಂಸಾರ ಹೂಡಿ, ಊರಾಗಿ ನಿಂತರು. ಬೊಗಸೆಯೊಡ್ಡಿದ ಮಗುವಿಗೂ ನಾಳೆ ಕೊಡುವ ಕೈ ಇರುತ್ತದೆ ಎಂಬುದನ್ನು ನಮ್ಮ ಮಕ್ಕಳಿಗೆ ತೋರಿಸಲು ಇಂಥ ಊರಿಗೆ ಒಮ್ಮೆ ಕರೆದೊಯ್ದರೆ ಸಾಕು. ಈಗ ಮಿಷನ್ ಬಾಲ್ಯ ಸಂಘದಲ್ಲಿ ಬಡದೇಶಗಳ ಮಕ್ಕಳೂ ಕೊಡುವವರೇ. ‘ಮಕ್ಕಳಿಗೆ ಮಕ್ಕಳ ನೆರವು’ ಎಂಬ ಅದರ ಘೋಷಣೆಗೆ ಪೂರ್ಣ ಅರ್ಥ ಬಂದದ್ದು ಆಗ.

ಹಾಗಾದರೆ ನಮ್ಮ ಧರ್ಮಕೇಂದ್ರಗಳಲ್ಲಿ ಹೇಗೆ ಕಲಿಸುವುದು? ಹತ್ತರ ನೋಟನ್ನು ಮಗುವಿನ ಕೈಗಿಡುವ ಬದಲು ತಾಯಂದಿರು ಶನಿವಾರ ಸಂಜೆ ಒಂದು ಮಾತು ಕೇಳಲಿ: ನಾಳೆ ನಿನ್ನದರಲ್ಲಿ ಏನು ತರುತ್ತೀಯ? ಒಂದು ರೂಪಾಯಿ ಇರಬಹುದು, ಪಕ್ಕದ ಮನೆಯ ಹುಡುಗನಿಗೊಂದು ಪೆನ್ಸಿಲ್ ಇರಬಹುದು, ಹಿತ್ತಿಲಿನ ನಾಲ್ಕು ಹೂ ಇರಬಹುದು. ಮಂಗಳೂರು ಕಡೆ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಒಯ್ಯುತ್ತಾರಲ್ಲ, ಹಾಗೆ. ಏನೂ ಇಲ್ಲ ಎಂದರೆ ಬೈಯಬೇಡಿ. ಬಲವಂತದ ಕಾಣಿಕೆ ಕರ ವಸೂಲಿಯೇ ಸರಿ. ಯಾವ ತರಗತಿ ಎಷ್ಟು ಕೂಡಿಸಿತು ಎಂದು ಹಲಗೆಯ ಮೇಲೆ ಬರೆಯುವ ಅಭ್ಯಾಸ ನಮಗಂತೂ ಹಿಡಿಸದು. ಎಡಗೈಗೆ ತಿಳಿಯಬಾರದೆಂದು ಪ್ರಭು ಹೇಳಿದ್ದನ್ನು ನಾವು ಸೀಮೆಸುಣ್ಣದಲ್ಲಿ ಬರೆದು ಪ್ರಕಟಿಸುವುದೆ?

ಐದು ಸಾವಿರ ಜನರಿಗೆ ಉಣಬಡಿಸಿದ ಅದ್ಭುತವನ್ನು ನಾಲ್ಕು ಶುಭಸಂದೇಶಗಳೂ ಹೇಳುತ್ತವೆ. ರೊಟ್ಟಿ ಒಬ್ಬ ಹುಡುಗನದೆಂದು ಹೇಳುವುದು ಸಂತ ಯೊವಾನ್ನರು ಮಾತ್ರ. ಅದು ಜವೆಗೋಧಿಯ ರೊಟ್ಟಿ ಎಂಬುದನ್ನೂ ಅವರೇ ಹೇಳುತ್ತಾರೆ. ನಮ್ಮ ಕಡೆಯ ರಾಗಿಮುದ್ದೆಯಂತೆ ಅಲ್ಲಿ ಅದು ಬಡವರ ಊಟ. ಹುಡುಗ ಮನೆಯಿಂದ ಕಾಣಿಕೆಗೆಂದು ತಂದದ್ದಲ್ಲ, ಬುತ್ತಿಗೆಂದು ತಂದದ್ದು.

ಪೌಲಿನ್‌ಳ ಕೊನೆಯ ದಿನಗಳ ವಿಷಯ ಹೇಳದೆ ಹೋದರೆ ಈ ಚರಿತ್ರೆ ಅರೆಬರೆಯಾದೀತು. ಕೂಲಿಕಾರರಿಗಾಗಿ ಒಂದು ಆದರ್ಶ ಕಾರ್ಖಾನೆ ಕಟ್ಟಲು ಹೋಗಿ, ನಂಬಿದವರಿಂದ ಮೋಸಹೋಗಿ, ಆಸ್ತಿಯೆಲ್ಲ ಕಳೆದುಕೊಂಡು, ಬಡವಳೆಂದು ಸರ್ಕಾರಿ ಪತ್ರ ಪಡೆದು 1862ರಲ್ಲಿ ಆಕೆ ತೀರಿಕೊಂಡಳು. 2012ರಲ್ಲಿ ಲಿಯೋನಿನ ಮೂರೂವರೆ ವರ್ಷದ ಒಬ್ಬ ಹುಡುಗಿಯ ಗಂಟಲಿಗೆ ಆಹಾರ ಸಿಕ್ಕಿಕೊಂಡು ಉಸಿರು ನಿಂತಿತು. ವೈದ್ಯರು ಆಸೆ ಬಿಟ್ಟಾಗ ಅವಳ ಶಾಲೆಯವರು ಪೌಲಿನ್‌ಳ ಮಧ್ಯಸ್ಥಿಕೆ ಬೇಡಿ ಒಂಬತ್ತು ದಿನ ಪ್ರಾರ್ಥಿಸಿದರು. ಹುಡುಗಿ ಗುಣವಾದಳು. ಆ ಅದ್ಭುತವನ್ನು ರೋಮ್ ಅಂಗೀಕರಿಸಿ, 2022ರ ಮೇ 22ರಂದು ಲಿಯೋನಿನಲ್ಲಿಯೇ ಪೌಲಿನ್‌ಳನ್ನು ಪುನೀತೆ ಎಂದು ಸಾರಲಾಯಿತು.