ಜರ್ಮನ್ ಸೇನೆಯ ಹಳೆಯ ರೈಫಲುಗಳ ಸಂಗ್ರಹ

ಪಾಲ್ ಮೌಸರ್ ರೂಪಿಸಿದ, ಐದು ಗುಂಡುಗಳ 'ಗೆವೆರ್ 98' ರೈಫಲನ್ನು ಜರ್ಮನಿಯು 1898ರಲ್ಲಿ ತನ್ನ ಸೇನೆಗೆ ಅಂಗೀಕರಿಸಿತು. ಪ್ರಥಮ ಮಹಾಯುದ್ಧದಲ್ಲಿ (1914-18) ಅದೇ ಅಲ್ಲಿನ ಪದಾತಿಗಳ ಮುಖ್ಯ ಆಯುಧ. ಲಕ್ಷಗಟ್ಟಲೆ ತಯಾರಾದರೂ ಮೂಲಸ್ಥಿತಿಯಲ್ಲಿ ಉಳಿದವು ವಿರಳ. 1919ರ ವರ್ಸೇಲ್ಸ್ ಒಪ್ಪಂದದ ತರುವಾಯ ಬಹಳಷ್ಟನ್ನು ನಾಶಪಡಿಸಲಾಯಿತು. ಉಳಿದವುಗಳಲ್ಲಿ ಅನೇಕವನ್ನು ಬಿಚ್ಚಿ ಬೇರೆ ಬೇರೆ ಬಿಡಿಭಾಗಗಳಿಂದ ಮರುಜೋಡಿಸಲಾಯಿತು.

ಆದಕಾರಣ ಸಂಗ್ರಾಹಕರು ಮೊದಲು ನೋಡುವುದು ಅಂಕೆಗಳನ್ನು. ನಳಿಗೆಯ ಬುಡದಲ್ಲಿ ಪೂರ್ಣ ಕ್ರಮಸಂಖ್ಯೆಯಿದ್ದರೆ, ಸಣ್ಣ ತಿರುಪುಗಳ ಮೇಲೂ ಅದರ ಕೊನೆಯ ಎರಡು ಅಂಕೆಗಳಿರುತ್ತವೆ. ಅವೆಲ್ಲವೂ ತಾಳೆಯಾಗಬೇಕು. ಬ್ಯಾಂಕಿನಲ್ಲಿ ಸಹಿ ತಾಳೆ ನೋಡುತ್ತಲೇ ಆಯುಷ್ಯ ಸವೆಸಿದ ನಮಗೆ ಈ ಪರೀಕ್ಷೆ ಬಲು ಪರಿಚಿತವೆನಿಸಿತು! ತುಕ್ಕಿಗಿಂತಲೂ ಹೆಚ್ಚಿನ ಹಾನಿ ಮಾಲೀಕರ ಉತ್ಸಾಹದಿಂದಲೇ ಆಗಿದೆಯೆಂದು ನಮ್ಮ ಅನಿಸಿಕೆ: ಮರದ ಹಿಡಿಯನ್ನು ಉಜ್ಜಿ ಹೊಳಪೇರಿಸುವಾಗ ಅದರ ಮೇಲಿನ ತಪಾಸಣಾ ಮುದ್ರೆಗಳೂ ಅಳಿಸಿಹೋಗುತ್ತವೆ.